ಕಬಿನಿಯಲ್ಲಿ ನೀರಿದೆ, ಹುಟ್ಟು ಹಾಕುವ ಮಕ್ಕಳಿಗೆ ದೋಣಿ ಎಲ್ಲಿ?

1938ರ ಜುಲೈ ತಿಂಗಳು. ಜರ್ಮನಿಯ ಬಾಡ್ ಎಮ್ಸ್ ಪಟ್ಟಣದ ಲಾನ್ ನದಿಯಲ್ಲಿ ದೋಣಿ ಪಂದ್ಯ. ಬಹುಮಾನಕ್ಕೆ ಇಟ್ಟ ಹೆಸರು ಹಿಟ್ಲರನ ವಾಯುಪಡೆಯ ಮುಖ್ಯಸ್ಥ ಹರ್ಮನ್ ಗೋರಿಂಗನದು. ಜರ್ಮನ್ ತಂಡಗಳು ಸೈನಿಕರ ಶಿಸ್ತಿನಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಬಂದಿದ್ದವು. ಆಕ್ಸ್‌ಫರ್ಡಿನ ಹುಡುಗರು ರಜೆಗೆ ಬಂದವರಂತೆ ಬಂದಿದ್ದರು. ಪಂದ್ಯ ಶುರುವಾದಾಗ ಅವರು ಹಿಂದೆ ಬಿದ್ದರು. ಸೇತುವೆಯ ಕೆಳಗೆ ಹಾಯುವಾಗ ಮೇಲೆ ನಿಂತಿದ್ದ ಯಾರೋ ಅವರ ಮೇಲೆ ಉಗುಳಿದರು. ಆ ಸಿಟ್ಟಿನಲ್ಲಿ ಹುಟ್ಟು ಎಳೆದ ಹುಡುಗರು ಒಂದು ಸೆಕೆಂಡಿನ ಐದರಲ್ಲಿ ಎರಡು ಪಾಲಿನಷ್ಟು ಅಂತರದಲ್ಲಿ ಗೆದ್ದರು. ಗೋರಿಂಗನ ಹೆಸರಿನ ಬಹುಮಾನ ಇಂಗ್ಲೆಂಡಿಗೆ ಹೋಯಿತು.

ಆ ದೋಣಿಯಲ್ಲಿದ್ದವರಲ್ಲಿ ಒಬ್ಬ ರಿಚರ್ಡ್ ಹಿಲರಿ. ಆಗ ಅವನಿಗೆ 19 ವರ್ಷ. ಎರಡು ವರ್ಷ ಕಳೆಯುವಷ್ಟರಲ್ಲಿ ಅವನು ಸ್ಪಿಟ್‌ಫೈರ್ ಯುದ್ಧ ವಿಮಾನದಲ್ಲಿ ಕುಳಿತು ಅದೇ ಗೋರಿಂಗನ ವಿಮಾನಗಳನ್ನು ಆಕಾಶದಲ್ಲಿ ಎದುರಿಸುತ್ತಿದ್ದ.

ಹಿಲರಿಯ ಬದುಕು ಚಿಕ್ಕದು. 1919ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹುಟ್ಟಿದ, ಎಳವೆಯಲ್ಲೇ ಇಂಗ್ಲೆಂಡಿಗೆ ಬಂದು ಅಲ್ಲಿನ ವಸತಿ ಶಾಲೆಯಲ್ಲಿ ಓದಿದ. ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿಗೆ ಸೇರಿದ ಮೇಲೆ ಅವನ ದಿನಗಳು ಓದಿಗಿಂತ ಹೆಚ್ಚಾಗಿ ನದಿಯ ಮೇಲೆ ಕಳೆದವು. ಅದೇ ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಗಳಿಗೆ ವಿಮಾನ ಹಾರಿಸಲು ಕಲಿಸುವ ಏರ್ ಸ್ಕ್ವಾಡ್ರನ್ ಕೂಡ ಇತ್ತು. ಹಿಲರಿ ಅದಕ್ಕೂ ಸೇರಿದ. ಯುದ್ಧ ಬಂದಾಗ ಅವನಿಗೆ ಹುಟ್ಟು ಹಿಡಿಯುವುದೂ ಗೊತ್ತಿತ್ತು, ವಿಮಾನದ ಚುಕ್ಕಾಣಿ ಹಿಡಿಯುವುದೂ ಗೊತ್ತಿತ್ತು. ಎರಡನ್ನೂ ಕಲಿಸಿದ್ದು ಒಂದೇ ಊರು.

1940ರ ಆಗಸ್ಟ್ ಕೊನೆಯಲ್ಲಿ, ಹಿಲರಿ ಸೇರಿದ್ದ, ಎಡಿನ್‌ಬರೊ ನಗರದ ಹೆಸರಿನ 603ನೇ ಸ್ಕ್ವಾಡ್ರನ್ ಲಂಡನ್ ಬಳಿಯ ಹಾರ್ನ್‌ಚರ್ಚಿಗೆ ಬಂದಿಳಿಯಿತು. ಒಂದು ವಾರದಲ್ಲಿ ಹಿಲರಿ ಐದು ಶತ್ರು ವಿಮಾನ ಕೆಡವಿದ ಲೆಕ್ಕ ಬರೆದುಕೊಂಡ. ಸೆಪ್ಟೆಂಬರ್ 3ರಂದು ಅವನ ವಿಮಾನಕ್ಕೇ ಬೆಂಕಿ ಹತ್ತಿತು. ಗಾಜಿನ ಮುಚ್ಚಳ ತೆರೆಯದೆ ಸಿಕ್ಕಿಕೊಂಡಿತು. ಹೇಗೋ ಹೊರಬಿದ್ದು ಪ್ಯಾರಾಚೂಟಿನಲ್ಲಿ ಸಮುದ್ರಕ್ಕೆ ಇಳಿಯುವ ಹೊತ್ತಿಗೆ ಮುಖ, ಕೈಗಳೆಲ್ಲ ಸುಟ್ಟಿದ್ದವು. ತಣ್ಣೀರಿನಲ್ಲಿ ತೇಲುತ್ತಿದ್ದವನನ್ನು ಮಾರ್ಗೇಟಿನ ರಕ್ಷಣಾ ದೋಣಿ ಎತ್ತಿಕೊಂಡಿತು.

ಮುಂದೆ ಅವನು ಈಸ್ಟ್ ಗ್ರಿನ್‌ಸ್ಟೆಡ್ ಆಸ್ಪತ್ರೆಯಲ್ಲಿ ಆರ್ಚಿಬಾಲ್ಡ್ ಮ್ಯಾಕಿಂಡೊ ಎಂಬ ಪ್ಲಾಸ್ಟಿಕ್ ಸರ್ಜನ್ ಕೈಗೆ ಬಂದ. ಹೊಸ ರೆಪ್ಪೆ, ಹೊಸ ತುಟಿ, ಒಂದರ ಹಿಂದೊಂದು ಶಸ್ತ್ರಚಿಕಿತ್ಸೆ. ಸುಟ್ಟ ಪೈಲಟ್‌ಗಳಲ್ಲಿ ಸಮುದ್ರಕ್ಕೆ ಬಿದ್ದವರ ಗಾಯ ನೆಲಕ್ಕೆ ಬಿದ್ದವರ ಗಾಯಕ್ಕಿಂತ ಚೆನ್ನಾಗಿ ಮಾಯುವುದನ್ನು ಮ್ಯಾಕಿಂಡೊ ಗಮನಿಸಿದ್ದ. ಅದರಿಂದಲೇ ಉಪ್ಪುನೀರಿನ ಸ್ನಾನ ಅವನ ಚಿಕಿತ್ಸೆಯ ಭಾಗವಾಯಿತು. ಆಸ್ಪತ್ರೆಯ ಆ ದಿನಗಳನ್ನೂ ಸತ್ತುಹೋದ ಗೆಳೆಯರನ್ನೂ ಕುರಿತು ಹಿಲರಿ ಬರೆದ ‘ದಿ ಲಾಸ್ಟ್ ಎನಿಮಿ’ 1942ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಗಿ ಅವನನ್ನು ಪ್ರಸಿದ್ಧನನ್ನಾಗಿ ಮಾಡಿತು. ಬಾಡ್ ಎಮ್ಸ್ ಪಂದ್ಯದ ಕಥೆಯೂ ಅದರಲ್ಲೇ ಇದೆ.

ಅಷ್ಟಕ್ಕೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಊಟದ ಮೇಜಿನಲ್ಲಿ ಚಾಕು, ಮುಳ್ಳುಚಮಚ ಹಿಡಿಯಲೂ ಒದ್ದಾಡುವ ಕೈಗಳನ್ನಿಟ್ಟುಕೊಂಡು ಮತ್ತೆ ಹಾರಿಸಲು ಬಿಡಿ ಎಂದು ಅಧಿಕಾರಿಗಳ ಬೆನ್ನು ಬಿದ್ದ. ಬಿಟ್ಟರು. 1943ರ ಜನವರಿ 8ರ ರಾತ್ರಿ ಸ್ಕಾಟ್ಲೆಂಡಿನ ಚಾರ್ಟರ್‌ಹಾಲ್ ನೆಲೆಯಿಂದ ತರಬೇತಿಗೆ ಹಾರಿದ ಅವನ ಬ್ಲೆನ್‌ಹೈಮ್ ವಿಮಾನ ನೆಲಕ್ಕಪ್ಪಳಿಸಿತು. ಜೊತೆಗಿದ್ದ ನ್ಯಾವಿಗೇಟರ್ ಕೂಡ ಸತ್ತ. ಹಿಲರಿಗೆ ಆಗ 23 ವರ್ಷ. ಅವನ ಛಲವನ್ನು ಹೊಗಳಿ ಬರೆದವರು ಬಹಳ ಮಂದಿ. ಆದರೆ ಅಂಥ ಕೈಗಳಿರುವವನನ್ನು ಚಳಿಗಾಲದ ಕತ್ತಲಲ್ಲಿ ಹಾರಲು ಬಿಟ್ಟ ವ್ಯವಸ್ಥೆ ತಪ್ಪು ಮಾಡಿತು. ಎರಡು ಜೀವ ಹೋದದ್ದು ಆ ತಪ್ಪಿಗೆ.

ಆ ವಿಮಾನಯುದ್ಧದಲ್ಲಿ ಮೈಸೂರಿನ ಪಾಲೂ ಇತ್ತೆಂಬುದು ಇಂದು ಬಹಳ ಜನಕ್ಕೆ ತಿಳಿಯದು. 1941ರ ಜೂನ್‌ನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡಿನಲ್ಲಿ ಸ್ಪಿಟ್‌ಫೈರ್ ವಿಮಾನಗಳ ಒಂದು ಹೊಸ ತುಕಡಿ ಹುಟ್ಟಿತು. ಅದರ ಹೆಸರು 129ನೇ ಮೈಸೂರು ಸ್ಕ್ವಾಡ್ರನ್. ಮೈಸೂರು ಸಂಸ್ಥಾನ ಕೊಟ್ಟ ದೇಣಿಗೆಯ ಗೌರವಕ್ಕೆ ಇಟ್ಟ ಹೆಸರು ಅದು, ಲಾಂಛನದಲ್ಲಿ ನಮ್ಮ ಗಂಡಭೇರುಂಡ. 1942ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಡಿಯೆಪ್ ಮೇಲೆ ನಡೆದ ದಾಳಿಯಲ್ಲಿ ಈ ತುಕಡಿಯೂ ಹಾರಿತು. ಸಂಸ್ಥಾನದ ಬೊಕ್ಕಸಕ್ಕೆ ಕಂದಾಯ ಕಟ್ಟಿದವರಲ್ಲಿ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ರೈತರೂ ಇದ್ದರಲ್ಲ. ಅವರ ದುಡ್ಡಿಗೂ ರೆಕ್ಕೆ ಬಂದಿತ್ತು. ಅವರ ಮಕ್ಕಳಿಗೆ ಬರಲಿಲ್ಲ.

ಈಗ ಬೀಚನಹಳ್ಳಿಗೆ ಬರೋಣ.

ಇಲ್ಲಿ ಕಬಿನಿಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. 2,284 ಅಡಿಯ ಮಟ್ಟಕ್ಕೆ ತುಂಬಿದಾಗ 19.52 ಟಿಎಂಸಿ ನೀರು ನಿಲ್ಲುತ್ತದೆ. ವಯನಾಡಿನಲ್ಲಿ ಮಳೆ ಹಿಡಿದರೆ ರಾಜ್ಯದಲ್ಲಿ ಮೊದಲು ತುಂಬುವ ಜಲಾಶಯಗಳಲ್ಲಿ ಇದೂ ಒಂದು. ಆ ನೀರಿನಡಿ ಊರುಗಳಿವೆ, ಗದ್ದೆಗಳಿವೆ, ಗುಡಿಗಳಿವೆ. ಮುಳುಗಡೆಯಾಗಿ ಎದ್ದು ಬಂದವರ ಮೊಮ್ಮಕ್ಕಳು ಇಂದು ಅಂತರಸಂತೆ, ಸರಗೂರು, ಕೋಟೆಯ ಶಾಲೆ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಹಿನ್ನೀರಿನಲ್ಲಿ ಮೀನು ಹಿಡಿಯುವ ಮನೆಗಳ ಹುಡುಗರಿಗೆ ತೆಪ್ಪ ತಿರುಗಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಮೇಲೆ ಡಿ.ಬಿ. ಕುಪ್ಪೆಯ ಕಡೆ ಜನ ದೋಣಿ ಹತ್ತಿ ಕಬಿನಿ ದಾಟಿ ಕೇರಳದ ಪೆರಿಕ್ಕಲ್ಲೂರಿಗೆ ಸಂತೆ, ಕೆಲಸ, ಆಸ್ಪತ್ರೆಗೆಂದು ಹೋಗಿಬರುತ್ತಾರೆ. ಪ್ರವಾಸಿಗರು ದುಬಾರಿ ಬಾಡಿಗೆ ಕೊಟ್ಟು ಇದೇ ನೀರಿನಲ್ಲಿ ದೋಣಿಯೇರಿ ಆನೆ ನೋಡುತ್ತಾರೆ.

ಇಷ್ಟು ನೀರು, ನೀರಿನ ಜೊತೆ ಇಷ್ಟು ಸಲಿಗೆ. ಆದರೂ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಮಕ್ಕಳ ಕೈಗೆ ಪಂದ್ಯದ ಹುಟ್ಟು ಕೊಡುವ ಒಂದು ಕೇಂದ್ರ ಈ ದಂಡೆಯ ಮೇಲೆ ಏಳಲಿಲ್ಲ.

ನೀರಿದ್ದಲ್ಲಿ ದೋಣಿಗಾರರು ತಾವಾಗಿ ಹುಟ್ಟುತ್ತಾರೆಂದು ನಂಬುವವರು ಭಾರತದ ರೋಯಿಂಗ್ ಇತಿಹಾಸ ನೋಡಬೇಕು. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಒಬ್ಬಂಟಿ ದೋಣಿಯಲ್ಲಿ ಚಿನ್ನ ಗೆದ್ದ ಬಜರಂಗ್ ಲಾಲ್ ತಾಖರ್ ಮರಳುನಾಡು ರಾಜಸ್ಥಾನದ ಸೀಕರ್ ಜಿಲ್ಲೆಯವರು. ಏಷ್ಯನ್ ಕೂಟದ ರೋಯಿಂಗ್‌ನಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಚಿನ್ನ ಅದು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 13ನೆಯವರಾಗಿ ಬಂದ ದತ್ತು ಭೋಕನಾಳ್ ಹುಟ್ಟಿದ್ದು ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಬರಪೀಡಿತ ಹಳ್ಳಿಯಲ್ಲಿ. ಹುಡುಗನಾಗಿದ್ದಾಗ ಅಪ್ಪನ ಜೊತೆ ಬಾವಿ ತೋಡುವ ಕೂಲಿ ಮಾಡಿದವರು. ಅವರ ಊರಿನಲ್ಲಿ ನೀರು ಸಿಗಬೇಕಾದರೆ ನೆಲ ಅಗೆಯಬೇಕಿತ್ತು. 2012ರಲ್ಲಿ ಸೇನೆಯ ಬಾಂಬೆ ಎಂಜಿನಿಯರ್ ಗ್ರೂಪ್ ಸೇರಿದ ಮೇಲೆ ಪುಣೆಯಲ್ಲಿ ಮೊದಲ ಸಲ ಪಂದ್ಯದ ದೋಣಿ ಹತ್ತಿದರು. 2018ರ ಏಷ್ಯನ್ ಕೂಟದಲ್ಲಿ ನಾಲ್ವರ ದೋಣಿಯಲ್ಲಿ ಚಿನ್ನ ಗೆದ್ದ ತಂಡದಲ್ಲಿ ಸವರ್ಣ್ ಸಿಂಗ್, ಓಂ ಪ್ರಕಾಶ್, ಸುಖ್‌ಮೀತ್ ಸಿಂಗ್ ಜೊತೆ ಅವರೂ ಇದ್ದರು.

ಈ ನಾಲ್ವರನ್ನೂ ಬೆಳೆಸಿದ್ದು ಸೇನೆ. ಸೇನೆಗೆ ಪುಣೆಯಲ್ಲಿ ರೋಯಿಂಗ್ ಕೇಂದ್ರವಿದೆ, ಕೋಚ್ ಇದ್ದಾರೆ, ಬೆಳಗಿನ ಐದಕ್ಕೆ ಎಬ್ಬಿಸುವ ಶಿಸ್ತಿದೆ, ಹೊಟ್ಟೆ ತುಂಬ ಊಟವಿದೆ. ನಮ್ಮ ಬೆಂಗಳೂರಿನ ಹಲಸೂರು ಕೆರೆಯಲ್ಲೂ ಮದ್ರಾಸ್ ಎಂಜಿನಿಯರ್ ಗ್ರೂಪಿನ ದೋಣಿಗಳು ಓಡಾಡುತ್ತವೆ. ಕೇರಳದ ಆಲಪ್ಪುಳದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಜಲಕ್ರೀಡಾ ಕೇಂದ್ರವಿದೆ. ಮರುಭೂಮಿಯ ಹುಡುಗ ದೋಣಿಯಲ್ಲಿ ಚಿನ್ನ ತರುತ್ತಾನೆ, ಕಬಿನಿಯ ಹುಡುಗ ತರುವುದಿಲ್ಲ ಎಂದಾದರೆ ಅದು ಮೈಕಟ್ಟಿನ ಪ್ರಶ್ನೆಯಲ್ಲ, ಧೈರ್ಯದ ಪ್ರಶ್ನೆಯಂತೂ ಅಲ್ಲವೇ ಅಲ್ಲ.

ದೋಣಿಯಿಂದ ವಿಮಾನಕ್ಕೆ ಏನು ನಂಟು ಎಂದು ಕೇಳಬಹುದು. ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ, ನಿಂತಿರುವುದು ಒಂದು ಜಲಾಶಯದ ದಂಡೆಯಲ್ಲಿ. ಅಲ್ಲಿನ ಪೀಕಾಕ್ ಬೇಯಲ್ಲಿ ಕೆಡೆಟ್‌ಗಳು ಹುಟ್ಟು ಎಳೆಯುತ್ತಾರೆ, ಹಾಯಿ ಏರಿಸುತ್ತಾರೆ. ಅದೇ ಅಕಾಡೆಮಿಯ ರನ್‌ವೇಯಿಂದ ವಾಯುಪಡೆಗೆ ಆಯ್ಕೆಯಾದ ಕೆಡೆಟ್‌ಗಳು ಸೂಪರ್ ಡಿಮೋನಾ ಎಂಬ ಪುಟ್ಟ ಮೋಟಾರ್ ಗ್ಲೈಡರಿನಲ್ಲಿ ಮೊದಲ ಹಾರಾಟ ಕಲಿಯುತ್ತಾರೆ. ನೀರು ಮತ್ತು ಆಕಾಶ ಎರಡನ್ನೂ ಒಂದೇ ಅಂಗಳದಲ್ಲಿಟ್ಟದ್ದು ಕಾಕತಾಳೀಯವಲ್ಲ. ಎಂಟು ಜನರ ದೋಣಿಯಲ್ಲಿ ಹುಟ್ಟು ಹಾಕುವವರ ಮುಖ ಹಿಂದಕ್ಕೆ. ಹೋಗುವ ದಾರಿ ಅವರಿಗೆ ಕಾಣದು, ಕಾಣುವುದು ಅವರೆದುರು ಕುಳಿತು ಕೂಗಿ ದೋಣಿ ನಡೆಸುವ ಕಾಕ್ಸ್‌ಗೆ ಮಾತ್ರ. ಉಸಿರು ಕಟ್ಟುವ ಹೊತ್ತಿನಲ್ಲೂ ಆ ಒಂದು ದನಿಯನ್ನು ನಂಬಿ, ಪಕ್ಕದವನ ಎಳೆತಕ್ಕೆ ತನ್ನ ಎಳೆತ ಕೂಡಿಸಬೇಕು. ರೆಕ್ಕೆಗೆ ರೆಕ್ಕೆ ಹೊಂದಿಸಿ ಹಾರುವ ಪೈಲಟ್‌ಗೆ ಮುಖ್ಯಸ್ಥನ ವಿಮಾನದ ಮೇಲಿಂದ ಕಣ್ಣು ಕದಲಿಸದ ಅಭ್ಯಾಸ ಬೇಕು. ನೀರಿನಲ್ಲಿ ಕಲಿತದ್ದು ಅಲ್ಲಿಗೂ ಒದಗುತ್ತದೆ.

ದೇಹದ ಲೆಕ್ಕವೂ ಇದೆ. ಒಲಿಂಪಿಕ್ ಪಂದ್ಯದ ದೂರ 2,000 ಮೀಟರ್. ನೋಡುವವರಿಗೆ ತೋಳಿನ ಆಟದಂತೆ ಕಂಡರೂ ದೋಣಿಯನ್ನು ಮುಂದೆ ಒಯ್ಯುವುದು ಮುಖ್ಯವಾಗಿ ತೊಡೆ, ಸೊಂಟ, ಬೆನ್ನಿನ ಬಲ. ಯುದ್ಧ ವಿಮಾನ ಬಿರುಸಿನಿಂದ ತಿರುಗಿದಾಗ ದೇಹದ ಭಾರ ಏಳೆಂಟು ಪಟ್ಟಾಗುತ್ತದೆ, ರಕ್ತ ತಲೆಯಿಂದ ಕಾಲಿಗೆ ಇಳಿಯುತ್ತದೆ, ಕಣ್ಣು ಕತ್ತಲಿಡುತ್ತದೆ. ಆಗ ಪೈಲಟ್ ಕಾಲು, ತೊಡೆ, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು, ಉಸಿರನ್ನು ಲೆಕ್ಕ ಹಾಕಿ ಬಿಟ್ಟು, ರಕ್ತವನ್ನು ಮೇಲೆ ತಡೆಯಬೇಕು. ನಮ್ಮ ವಾಯುಪಡೆಯ ಪೈಲಟ್‌ಗಳಿಗೆ ಇದನ್ನು ಕಲಿಸುವ ತಿರುಗುಯಂತ್ರ ಇರುವುದು ಬೆಂಗಳೂರಿನ ಏರೋಸ್ಪೇಸ್ ವೈದ್ಯಕೀಯ ಸಂಸ್ಥೆಯಲ್ಲಿ. ಹುಟ್ಟು ಎಳೆದು ಬೆಳೆದ ಕಾಲುಗಳ ಬಲ ಅಲ್ಲಿ ನೆರವಿಗೆ ಬರುತ್ತದೆ.

ನೀರು ಮತ್ತು ಆಕಾಶ ಎರಡನ್ನೂ ಬಾಳಿದ ಭಾರತೀಯನೊಬ್ಬನ ಹೆಸರು ಹೇಳುವುದಾದರೆ ಕೇರಳದ ಅಭಿಲಾಷ್ ಟೋಮಿ. ನೌಕಾಪಡೆಯಲ್ಲಿ ಡಾರ್ನಿಯರ್ ವಿಮಾನದ ಪೈಲಟ್ ಆಗಿದ್ದವರು. ಹುಟ್ಟಿನ ದೋಣಿಯಲ್ಲ, ಹಾಯಿದೋಣಿ ಅವರದು. 2012ರ ನವೆಂಬರ್‌ನಲ್ಲಿ ಮುಂಬೈಯಿಂದ ಹೊರಟು, ಗೋವೆಯಲ್ಲಿ ಕಟ್ಟಿದ ‘ಮಾದೇಯಿ’ಯಲ್ಲಿ ಒಬ್ಬರೇ, ಎಲ್ಲೂ ದಡ ಮುಟ್ಟದೆ ಭೂಮಿಯನ್ನು ಸುತ್ತಿ 2013ರಲ್ಲಿ ಮರಳಿದರು. ಹಾಗೆ ಸುತ್ತಿದ ಮೊದಲ ಭಾರತೀಯ. 2018ರ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿ ಅವರ ದೋಣಿಯ ಕಂಬ ಮುರಿಯಿತು, ಬೆನ್ನೂ ಮುರಿಯಿತು. ಶಸ್ತ್ರಚಿಕಿತ್ಸೆಯಲ್ಲಿ ಬೆನ್ನಿಗೆ ಲೋಹದ ಸರಳು ಹಾಕಿದರು. ಅದೇ ಬೆನ್ನಿನಲ್ಲಿ ಮತ್ತೆ ಹೊರಟು 2023ರ ಏಪ್ರಿಲ್‌ನಲ್ಲಿ ಅದೇ ಪಂದ್ಯದಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ಹಿಲರಿಯ ಹಟವನ್ನೂ ಟೋಮಿಯ ಹಟವನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಟೋಮಿ ವೈದ್ಯರ ಕೈಯಲ್ಲಿ ಗುಣವಾಗಿ, ವರ್ಷಗಟ್ಟಲೆ ದೇಹವನ್ನು ಸಿದ್ಧಮಾಡಿಕೊಂಡು ಹೊರಟವರು. ನಮ್ಮ ಮಕ್ಕಳಿಗೆ ತೋರಿಸಬೇಕಾದ ಮಾದರಿ ಅದು.

ಕರ್ನಾಟಕದಲ್ಲಿ ಇಂಥ ದಾರಿ ತುಳಿದವರು ಇಲ್ಲವೆಂದಲ್ಲ. ಚಿಕ್ಕಮಗಳೂರು ಜಿಲ್ಲೆಯ ಮರ್ಲೆಯ ಮೇಘನಾ ಶಾನುಭೋಗ್ ಮೈಸೂರಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಪರ್ವತಾರೋಹಣ, ಪ್ಯಾರಾಗ್ಲೈಡಿಂಗ್ ಎಂದು ಸಾಹಸದ ರುಚಿ ಹತ್ತಿಸಿಕೊಂಡು 2018ರ ಜೂನ್‌ನಲ್ಲಿ ವಾಯುಪಡೆಯ ಯುದ್ಧ ವಿಮಾನ ಪೈಲಟ್ ಆದರು. ಸಾಹಸ ಕ್ರೀಡೆ ಮನಸ್ಸಿನಲ್ಲಿ ಹೊತ್ತಿಸಿದ ಆಸೆ ಆಕಾಶಕ್ಕೆ ಒಯ್ಯಬಲ್ಲದು ಎಂಬುದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಿಲ್ಲ.

ಆದರೆ ಆಕೆಗೆ ಮೈಸೂರಿನ ಕಾಲೇಜು ಸಿಕ್ಕಿತ್ತು. ಕೋಟೆ ತಾಲ್ಲೂಕಿನ ಹಾಡಿಯ ಹುಡುಗನಿಗೆ, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಯುವ ಮನೆಯ ಹುಡುಗಿಗೆ ಬಾಗಿಲು ಮುಚ್ಚುವುದು ಇನ್ನೂ ಮೊದಲೇ, ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ. ಎನ್‌ಡಿಎ ಮೂಲಕ ವಾಯುಪಡೆಗೆ ಹೋಗಬೇಕಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲೇಬೇಕು. ಹತ್ತಿರದ ಕಾಲೇಜಿನಲ್ಲಿ ವಿಜ್ಞಾನ ವಿಭಾಗ ಇಲ್ಲ, ಬಸ್ಸಿನ ಹೊತ್ತು ಹೊಂದುವುದಿಲ್ಲ, ಕಲಾ ವಿಭಾಗಕ್ಕೆ ಸೇರಿದರಾಯಿತು ಎಂದು ಮನೆಯವರು ತೀರ್ಮಾನಿಸಿದ ದಿನ, ಆ ಮಗುವಿಗೇ ತಿಳಿಯದಂತೆ ಒಂದು ಆಕಾಶ ಮುಚ್ಚಿಹೋಗುತ್ತದೆ. ಇದನ್ನು ಹೇಳುವ ಮೇಷ್ಟ್ರು ಪ್ರತಿ ಪ್ರೌಢಶಾಲೆಯಲ್ಲಿ ಬೇಕು. ಬೇರೆ ಯಾವ ಖರ್ಚಿಗಿಂತ ಮೊದಲು ಆಗಬೇಕಾದ್ದು ಈ ಮಾತು ಹೇಳುವ ಕೆಲಸ.

ಇನ್ನೊಂದು ವಿಷಯ ಮನಸ್ಸಿಗೆ ನಾಟುತ್ತದೆ. ದಕ್ಷಿಣದ ನಾನಾ ಮೂಲೆಗಳಿಂದ ವಾಯುಪಡೆಯ ಅಧಿಕಾರಿಗಳಾಗಲು ಬಯಸುವ ಯುವಜನ ರೈಲು ಹತ್ತಿ ಬರುವುದು ಮೈಸೂರಿಗೆ. ವಾಯುಪಡೆಯ ಆಯ್ಕೆ ಮಂಡಳಿ ಇರುವುದು ಅಲ್ಲಿ. ಹಲವು ದಿನಗಳ ಕಾಲ ಮನಸ್ಸು, ಮಾತು, ತಂಡದ ಗುಣ ಎಲ್ಲವನ್ನೂ ಅಲ್ಲಿ ಒರೆಗೆ ಹಚ್ಚುತ್ತಾರೆ. ಹಲಗೆ, ಹಗ್ಗ, ಪೀಪಾಯಿ ಕೊಟ್ಟು ಗುಂಪಿನಲ್ಲಿ ಅಡೆತಡೆ ದಾಟಿ ಎನ್ನುತ್ತಾರೆ. ಪೈಲಟ್ ಆಗುವವರಿಗೆ ಯಂತ್ರದ ಮೇಲೆ ಕೈ ಕಣ್ಣಿನ ಹೊಂದಾಣಿಕೆಯ ಪರೀಕ್ಷೆ ಇದೆ, ಅದಕ್ಕೆ ಜೀವಮಾನದಲ್ಲಿ ಒಂದೇ ಅವಕಾಶ. ಆ ಮಂಡಳಿಯ ಗೇಟಿನಿಂದ ಬೀಚನಹಳ್ಳಿಗೆ ಸುಮಾರು 60 ಕಿಲೋಮೀಟರ್. ಇಷ್ಟು ಹತ್ತಿರವಿದ್ದೂ ಅಂಥದ್ದೊಂದು ಇದೆ ಎಂಬುದೇ ಇಲ್ಲಿನ ಎಷ್ಟೋ ಕಾಲೇಜು ಮಕ್ಕಳ ಕಿವಿಗೆ ಬಿದ್ದಿಲ್ಲ. ಪಿರಿಯಾಪಟ್ಟಣದ ಗಡಿಯಾಚೆ, ಕಾವೇರಿ ದಾಟಿದರೆ, ಕೂಡಿಗೆಯಲ್ಲಿ ಸೈನಿಕ ಶಾಲೆ 2007ರಿಂದ ನಡೆಯುತ್ತಿದೆ. ಅಲ್ಲಿಗೆ ಈಗ ಹೆಣ್ಣುಮಕ್ಕಳೂ ಸೇರುತ್ತಾರೆ. 2022ರಿಂದ ಎನ್‌ಡಿಎ ಬಾಗಿಲೂ ಅವರಿಗೆ ತೆರೆದಿದೆ.

ಹಾಗಾದರೆ ಕೇಳಬೇಕಾದದ್ದು ಏನು? ಕಬಿನಿಯ ಒಂದು ದಂಡೆಗೆ ನಾಗರಹೊಳೆ, ಇನ್ನೊಂದಕ್ಕೆ ಬಂಡೀಪುರ. ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೇಳುವ ಹಸಿರು ಮೇಯಲು ಆನೆಗಳ ಹಿಂಡು ಬರುತ್ತದೆ. ಅವುಗಳ ಜಾಗದಲ್ಲಿ ಪಂದ್ಯದ ಗದ್ದಲ ಆಗಕೂಡದು, ಆಷಾಢದ ಗಾಳಿಯಲ್ಲಿ ಕಿರಿದಾದ ಪಂದ್ಯದ ದೋಣಿ ನಿಲ್ಲುವುದೂ ಇಲ್ಲ. ಆದ್ದರಿಂದ ಹಿನ್ನೀರಿಗೇ ದೋಣಿ ಇಳಿಸಿ ಎಂದು ಹಟ ಹಿಡಿಯುವುದು ಬೇಡ. ಕಾಡಂಚಿನಿಂದ ದೂರ, ಹುಣಸೂರು, ಕೆ.ಆರ್. ನಗರದ ಕಡೆಯ ಯಾವುದಾದರೂ ದೊಡ್ಡ ಕೆರೆಯನ್ನು ನೀರಾವರಿ ಮತ್ತು ಅರಣ್ಯ ಇಲಾಖೆಗಳು ಕೂಡಿ ಗುರುತಿಸಲಿ. ಕಲಿಕೆಯ ಮೊದಲ ತಿಂಗಳುಗಳಿಗೆ ನೀರೂ ಬೇಕಿಲ್ಲ, ಒಂದು ಕೋಣೆಯಲ್ಲಿ ನಾಲ್ಕು ರೋಯಿಂಗ್ ಯಂತ್ರಗಳಿದ್ದರೆ ಸಾಕು. ಕೋಚ್‌ಗಳಿಗಾಗಿ ನಿವೃತ್ತ ಯೋಧರನ್ನು ಕೇಳಬಹುದು, ಸೇನೆಯಲ್ಲಿ ಹುಟ್ಟು ಹಿಡಿದು ಬಂದವರು ರಾಜ್ಯದಲ್ಲಿದ್ದಾರೆ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಜಲಸಾಹಸದ ತರಬೇತಿ ಕೊಡುತ್ತಿದೆ. ಅದರ ಶಿಬಿರಗಳು ಈ ತಾಲ್ಲೂಕುಗಳಿಗೆ ವರ್ಷವರ್ಷ ಬರಲಿ.

ಎನ್‌ಸಿಸಿಯ ವಿಷಯದಲ್ಲಂತೂ ತಡಮಾಡಬಾರದು. ನೌಕಾ ವಿಭಾಗದ ಕೆಡೆಟ್‌ಗಳಿಗೆ ಹುಟ್ಟು ಎಳೆಯುವ ಪಂದ್ಯವೇ ಇದೆ, ವಾಯು ವಿಭಾಗದವರಿಗೆ ಪುಟ್ಟ ಮೈಕ್ರೋಲೈಟ್ ವಿಮಾನದಲ್ಲಿ ಹಾರುವ ಅವಕಾಶವಿದೆ. ವಾಯು ವಿಭಾಗದ ‘ಸಿ’ ಸರ್ಟಿಫಿಕೇಟ್ ಪಡೆದವರಿಗೆ ವಾಯುಪಡೆಯ ಹಾರಾಟ ಶಾಖೆಗೆ ವಿಶೇಷ ಪ್ರವೇಶದ ದಾರಿ ಬೇರೆಯೇ ಇದೆ. ಈ ಎರಡೂ ವಿಭಾಗಗಳ ಸೀಟುಗಳು ನಗರದ ಕಾಲೇಜುಗಳ ಸುತ್ತಲೇ ಸುತ್ತುತ್ತಿದ್ದರೆ ಹಳ್ಳಿಯ ಮಕ್ಕಳು ಅದನ್ನು ದಸರಾ ಮೆರವಣಿಗೆಯಲ್ಲಿ ನೋಡುವುದಷ್ಟೇ ಆಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಈ ನಾಲ್ಕು ಕಡೆಯ ಸರ್ಕಾರಿ ಪದವಿ ಕಾಲೇಜುಗಳಿಗೂ ಒಂದೊಂದು ತುಕಡಿ ಸಿಗುವಂತೆ ಶಾಸಕರು, ಸಂಸದರು ಎನ್‌ಸಿಸಿ ನಿರ್ದೇಶನಾಲಯದ ಜೊತೆ ಕೂತು ಮಾತಾಡಬೇಕು. ರಸ್ತೆ, ಚರಂಡಿಗೆ ಪತ್ರ ಬರೆಯುವಷ್ಟೇ ಸಲೀಸಾಗಿ ಇದಕ್ಕೂ ಪತ್ರ ಬರೆಯಬಹುದು.

ಸುರಕ್ಷತೆಯ ಮಾತನ್ನು ಬಿಟ್ಟು ದೋಣಿಯ ಮಾತಾಡುವುದು ಸಲ್ಲ. ಈ ಭಾಗದಲ್ಲಿ ಕೆರೆ, ಹೊಳೆ, ನಾಲೆಗಳಲ್ಲಿ ಮುಳುಗಿ ಮಕ್ಕಳು ಸತ್ತ ಸುದ್ದಿ ಬೇಸಿಗೆ ರಜೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಪಂದ್ಯದ ದೋಣಿ ಕಲಿಸುವಲ್ಲಿ ಮೊದಲ ಪಾಠ ಈಜು, ಎರಡನೆಯದು ಜೀವರಕ್ಷಕ ಜಾಕೆಟ್. ಹತ್ತು ಮಕ್ಕಳಲ್ಲಿ ಒಬ್ಬರೂ ಪೈಲಟ್ ಆಗದಿರಬಹುದು, ಒಬ್ಬರೂ ಪದಕ ತರದಿರಬಹುದು. ಆ ಹತ್ತೂ ಮಕ್ಕಳಿಗೆ ಈಜು ಬಂದಿರುತ್ತದೆ, ಅವರ ತಮ್ಮ ತಂಗಿಯರಿಗೂ ಬರುತ್ತದೆ. ಒಂದು ಪಂಚಾಯಿತಿ ಇಷ್ಟಕ್ಕೇ ಹಣ ಎತ್ತಿಟ್ಟರೂ ಅದು ದಂಡವಲ್ಲ.

ಎನ್‌ಡಿಎ ಪ್ರವೇಶ ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಅರ್ಜಿಯನ್ನು ಕೇಂದ್ರ ಲೋಕಸೇವಾ ಆಯೋಗದ ಜಾಲತಾಣದಲ್ಲಿ ತುಂಬಬೇಕು, ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ತುಂಬಬಹುದು, ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗೆ ಇರಬೇಕು. ಬೀಚನಹಳ್ಳಿಯ ಸುತ್ತಿನ ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರು ಈ ಮೂರು ಸಾಲನ್ನು ಫಲಿತಾಂಶ ಬರುವ ಮೊದಲೇ ನೋಟಿಸ್ ಬೋರ್ಡಿನಲ್ಲಿ ಬರೆಸಿ, ಪಿಯುಸಿಗೆ ಯಾವ ವಿಷಯ ತೆಗೆದುಕೊಳ್ಳಬೇಕೆಂದು ತಂದೆತಾಯಿಯರನ್ನು ಕರೆದು ಹೇಳಿದರೆ, ಮುಂದಿನ ಜೂನ್‌ನಲ್ಲಿ ಕಾಲೇಜಿಗೆ ಸೇರುವ ಮಕ್ಕಳಿಂದಲೇ ಈ ಕೆಲಸ ಶುರುವಾಗುತ್ತದೆ.